ಮದುಮಗಳ ಫೋಟೋಗೆ ಮನೆಯ ಜಗಲಿಯೇ ಸಾಕು

ಮದುವೆ ನಿಶ್ಚಯವಾದ ಮನೆಯಲ್ಲಿ ಹಾಲ್, ಅಡುಗೆಯವರು, ಜವಳಿ ಎಂಬ ಮಾತುಗಳ ಬೆನ್ನಿಗೇ ಈಗ ಇನ್ನೊಂದು ಪ್ರಶ್ನೆ ಬರುತ್ತದೆ: ಔಟ್‌ಡೋರ್ ಶೂಟ್ ಎಲ್ಲಿ? ಬಂಟ್ವಾಳದ ಕಡೆಯವರಾದರೆ ನೇತ್ರಾವತಿಯ ಹೊಳೆಬದಿ, ಕಾರಿಂಜದ ಬಂಡೆ ಎನ್ನುತ್ತಾರೆ. ಬೆಳ್ತಂಗಡಿಯವರಿಗೆ ಗಡಾಯಿಕಲ್ಲು, ಚಾರ್ಮಾಡಿ ಇವೆ. ಮೂಡುಬಿದಿರೆಯವರಿಗೆ ಕಡಲಕೆರೆ, ಕೊಣಾಜೆಕಲ್ಲು. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗನೋ ಹುಡುಗಿಯೋ ಇದಕ್ಕೆಲ್ಲ ಹೂಂ ಎನ್ನುತ್ತಾರೆ, ಏಕೆಂದರೆ ಜಾಗ ಚೆಂದವಿದ್ದರೆ ಫೋಟೋವೂ ಚೆಂದ ಬಂದೀತೆಂಬ ನಂಬಿಕೆ ಅವರಿಗೂ ಇದೆ. ಆ ನಂಬಿಕೆಯೇ ಅವರನ್ನು ಕೆಡಿಸುತ್ತದೆ ಎಂಬುದು ನನ್ನ ವಾದ. ಮದುಮಗಳ ಮುಖಕ್ಕೆ ಬೇಕಾದದ್ದು ನೋಟವಲ್ಲ, ನೆರಳು. ನಮ್ಮ ಈ ಮೂರು ತಾಲೂಕುಗಳಲ್ಲಿ ಅಂಥ ನೆರಳು ಅವಳ ಮನೆಯ ಜಗಲಿಯಲ್ಲೇ ಇದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಕೆಲಸವನ್ನು ನಾವು ಹೊಸಬರಿಂದ ಮಾಡಿಸುತ್ತಿದ್ದೇವೆ.

ಮೊದಲು ಸೂರ್ಯನ ಲೆಕ್ಕ ನೋಡೋಣ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಮದುವೆಗಳು ಹೆಚ್ಚಾಗಿ ನಡೆಯುವುದೂ ಏಪ್ರಿಲ್, ಮೇ ತಿಂಗಳಲ್ಲಿಯೇ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಹಿಡಿದು ನಡೆಯುವುದರಿಂದ, 75 ಡಿಗ್ರಿಯ ಹತ್ತಿರವಿರುವ ನಮಗೆ ನಿಜವಾದ ನಡುಹಗಲು ಹನ್ನೆರಡೂವರೆಯ ಹೊತ್ತಿಗೆ. ಧಾರೆಯ ಮುಹೂರ್ತ ಹನ್ನೊಂದೂವರೆ, ಹನ್ನೆರಡಕ್ಕೆ ಇದ್ದರೆ, ಅದು ಮುಗಿದು ಮದುಮಗಳು ಹೊರಗೆ ಬರುವಾಗ ಬಿಸಿಲು ಅತ್ಯಂತ ನೇರವಾಗಿರುತ್ತದೆ. ಆಗ ಹುಬ್ಬಿನ ಕೆಳಗೆ ಕಣ್ಣು ಎರಡು ಕಪ್ಪು ಗುಳಿಯಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಮುಡಿದ ಮಲ್ಲಿಗೆಯಲ್ಲಿ ಎಸಳು ಕಾಣದೆ ಬರೀ ಬಿಳಿ ಮುದ್ದೆ ಉಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಇದೇ ನಡುಹಗಲಿನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಚಳಿಗಾಲದ ಮದುವೆಯ ಫೋಟೋಗಳು ಹದವಾಗಿ ಬರಲು ಇದೂ ಒಂದು ಕಾರಣ.

ಹಾಗಾದರೆ ಸಂಜೆಯ ಹೊಂಬಿಸಿಲಿಗೆ ಕಾಯಬಹುದಲ್ಲ ಎನ್ನುತ್ತಾರೆ. ಕಾಯಬಹುದು. ಆದರೆ ಯೂಟ್ಯೂಬಿನಲ್ಲಿ ಯುರೋಪಿನವರು ಹೇಳಿಕೊಡುವ ಹೊಂಬಿಸಿಲು ನಮ್ಮದಲ್ಲ. ಇಲ್ಲಿ ಸೂರ್ಯ ಬಹುಮಟ್ಟಿಗೆ ನೇರವಾಗಿ ಕೆಳಗಿಳಿಯುತ್ತಾನೆ. ದಿಗಂತಕ್ಕಿಂತ ಆರು ಡಿಗ್ರಿ ಮೇಲಿದ್ದವನು ಮುಳುಗಲು ನಮ್ಮಲ್ಲಿ ಹೆಚ್ಚುಕಡಿಮೆ 25 ನಿಮಿಷ, ಲಂಡನ್ನಿನಲ್ಲಿ 40 ನಿಮಿಷದ ಹತ್ತಿರ. ಆ 25 ನಿಮಿಷದಲ್ಲಿ ಭಾರದ ಸೀರೆಯುಟ್ಟ ಹೆಣ್ಣನ್ನು ಕಾರಿನಿಂದ ಇಳಿಸಿ, ನೆರಿಗೆ ಸರಿಮಾಡಿ, ಹೊಳೆಯ ಕಲ್ಲು ಹತ್ತಿಸಿ, ಅವಳ ಮುಖದ ಬೆವರು ಆರುವವರೆಗೆ ಕಾದು ಫೋಟೋ ತೆಗೆಯಲು ಪಳಗಿದವರಿಗೇ ಕಷ್ಟ. ಮುಂಜಾನೆ ಹೋಗೋಣವೆಂದರೆ ಬೆಳ್ತಂಗಡಿಯ ಪೂರ್ವಕ್ಕೆ ಘಟ್ಟ ನಿಂತಿದೆ. ಬುಡದ ಊರುಗಳಿಗೆ ಬಿಸಿಲು ತಡವಾಗಿ ಬರುತ್ತದೆ, ಬಂದ ಮೇಲೆ ಬೇಗ ಕಾಯುತ್ತದೆ.

ಈಗ ಜಗಲಿಯ ಕಡೆ ಬರೋಣ. ಬಯಲಿನಲ್ಲಿ ಮುಖ ಕೆಡಿಸುವ ಅದೇ ನೆತ್ತಿಯ ಸೂರ್ಯ ಇಲ್ಲಿ ಫೋಟೋಗ್ರಾಫರನ ಆಳಾಗಿ ದುಡಿಯುತ್ತಾನೆ. ಇಳಿಮಾಡಿನ ಹಂಚು ಮೇಲಿನ ಬಿಸಿಲನ್ನು ಪೂರ್ತಿ ತಡೆಯುತ್ತದೆ. ಬೆಳಕು ಎದುರಿನ ಆಕಾಶದಿಂದಲೂ ಬಿಸಿಲು ಬಿದ್ದ ಅಂಗಳದಿಂದಲೂ ಮುಖಕ್ಕೆ ಮೆತ್ತಗೆ ಬರುತ್ತದೆ. ಮದುಮಗಳನ್ನು ಮಾಡಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಅಂಗಳದ ಕಡೆ ಮುಖಮಾಡಿ ಕೂರಿಸಿದರೆ ಕಣ್ಣಿನೊಳಗೆ ಬೆಳಕಿನ ಚುಕ್ಕೆ ಮೂಡುತ್ತದೆ, ಹಿಂದಿನ ಬಾಗಿಲ ಕತ್ತಲೆಯಲ್ಲಿ ಮುಖ ಎದ್ದು ಕಾಣುತ್ತದೆ. ಇನ್ನೂ ಒಳಗೆ ಹೋದರೆ ಮಂಕಾಗುತ್ತದೆ, ಅಂಚಿಗೆ ಬಂದರೆ ಹಣೆಯ ಮೇಲೆ ಬಿಸಿಲಿನ ಪಟ್ಟಿ ಬೀಳುತ್ತದೆ. ಈ ಒಂದೆರಡು ಅಡಿಯ ವ್ಯತ್ಯಾಸ ಕಲಿಯುವುದೇ ಹೊಸಬರ ಮುಖ್ಯ ಪಾಠ. ಇನ್ನೊಂದು ವಿಷಯ ಬಣ್ಣದ್ದು. ಮುರಕಲ್ಲಿನ ಮಣ್ಣಿನ ಅಂಗಳವಾದರೆ ಗಲ್ಲದ ಕೆಳಗೆ ಕೆಂಪು ಏರುತ್ತದೆ, ಅಡಿಕೆ ತೋಟದ ಒತ್ತಿನಲ್ಲಿ ಹಸಿರು, ಬಣ್ಣದ ಶಾಮಿಯಾನದ ಅಡಿಯಲ್ಲಿ ಅದೇ ಬಣ್ಣ. ಕಾಲಬುಡದಲ್ಲಿ ಒಂದು ಬಿಳಿ ಪಂಚೆ ಹಾಸಿದರೆ ಮಣ್ಣಿನ ಕೆಂಪು ಬಹುಪಾಲು ಹೋಗುತ್ತದೆ. ಹಿಂದಿನ ಕತ್ತಲೆ ನೋಡಿ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸುವುದೂ ಉಂಟು. ಆಗ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳು ಸುಣ್ಣ ಹಚ್ಚಿದಂತಾಗುತ್ತವೆ. ಬೆಳ್ಳಗೆ ಬಂದಿದೆಯೆಂದು ಯಾರಾದರೂ ಹೊಗಳಿದರೂ ಅದನ್ನು ಹಾಗೆಯೇ ಬಿಡಬಾರದು. ಹೆತ್ತವರು ಕಂಡ ಬಣ್ಣದಲ್ಲೇ ಅವಳು ಆಲ್ಬಮಿನಲ್ಲಿರಬೇಕು.

ಹಳಬರಿಗೆ ಇದೆಲ್ಲ ಗೊತ್ತಿತ್ತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ಇಟ್ಟ ಹಳೆಯ ಕ್ಯಾಮೆರಾಗಳನ್ನು ನೋಡಿದವರು ಆ ಕಾಲದ ಕಷ್ಟವನ್ನು ಊಹಿಸಬಹುದು. ಒಂದು ರೋಲಿಗೆ 36 ಫೋಟೋ ಸಿಗುತ್ತಿದ್ದ ದಿನಗಳಲ್ಲಿ ಬೆಳಕು ತಪ್ಪಿದರೆ ದುಡ್ಡೂ ಹೋಯಿತು, ಹೆಸರೂ ಹೋಯಿತು. ಹಳೆಯ ಮನೆಗಳ ಆಲ್ಬಮ್ ತೆರೆದರೆ ಜಗಲಿಯ ಕಂಬ, ಮೆಟ್ಟಿಲು, ಅಂಗಳದ ತುಳಸಿಕಟ್ಟೆ ಮತ್ತೆ ಮತ್ತೆ ಕಾಣಸಿಗುವುದು ಸುಮ್ಮನೆ ಅಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಎಲ್ಲರೂ ಜಗಲಿಯಲ್ಲೇ ಕೂತರೆ ಫೋಟೋಗಳೆಲ್ಲ ಒಂದೇ ಥರ ಆಗುವುದಿಲ್ಲವೇ, ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಕೆಲಸ ಕೊಡುವ ಗಿರಾಕಿಗೆ ಹೊಸಬರು ಏನು ತೋರಿಸಬೇಕು ಎಂದು ಕೇಳುತ್ತಾರೆ. ಆದರೆ ನಿಜಕ್ಕೂ ಒಂದೇ ಥರ ಆಗುತ್ತಿರುವುದು ಅದೇ ಬಂಡೆಯ ಮೇಲೆ ಅದೇ ಭಂಗಿಯಲ್ಲಿ ನಿಂತ ಜೋಡಿಗಳ ಫೋಟೋ. ಒಂದು ಮನೆಯ ಜಗಲಿ ಇನ್ನೊಂದರಂತಿಲ್ಲ. ಹಂಚಿನ ಮನೆ ಕೆಡವಿ ತಾರಸಿ ಹಾಕುವ ಈ ದಿನಗಳಲ್ಲಿ ಆ ಕಂಬ, ಆ ಮರದ ಬಾಗಿಲು ಹತ್ತು ವರ್ಷ ಉಳಿದೀತೆಂಬ ಭರವಸೆಯೂ ಇಲ್ಲ. ಬಿ.ಸಿ.ರೋಡಿನ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ನಾವು ಬೆರಗಿನಿಂದ ನೋಡುವ ಮನೆಬಳಕೆಯ ಸಾಮಾನುಗಳು ಒಂದು ಕಾಲದಲ್ಲಿ ಇಂಥ ಮನೆಗಳಲ್ಲೇ ಇದ್ದವು. ಮದುವೆ ಹಾಲ್‌ನಲ್ಲಿ, ಜಗಲಿ ಎಲ್ಲಿಂದ ಬರಬೇಕು ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಅಲಂಕಾರ ಮನೆಯಲ್ಲೇ ಆಗುವುದಾದರೆ, ಅದು ಮುಗಿದು ದಿಬ್ಬಣ ಹೊರಡುವ ನಡುವೆ ಹದಿನೈದು ನಿಮಿಷ ಕೊಡಿಯೆಂದು ಸೋದರಮಾವನಲ್ಲೋ ಅತ್ತಿಗೆಯಲ್ಲೋ ಒಂದು ವಾರ ಮೊದಲೇ ಕೇಳಿಕೊಳ್ಳಬೇಕು. ಅಲಂಕಾರ ಪಾರ್ಲರಿನಲ್ಲಾದರೆ ಹಾಲ್‌ನ ಪೋರ್ಟಿಕೋ ಕೂಡ ಜಗಲಿಯೇ, ಅಲ್ಲಿಯೂ ಮೇಲೆ ಮಾಡು, ಎದುರಿಗೆ ಬಯಲು.

ಫ್ಲ್ಯಾಶ್ ಇದ್ದರೆ ಬಿಸಿಲನ್ನೂ ಗೆಲ್ಲಬಹುದೆಂಬ ಮಾತು ಸರಿ. ಅದಕ್ಕೆ ದುಡ್ಡು ಬೇಕು, ಕೊಡೆ ಹಿಡಿಯಲು ಒಬ್ಬರು ಬೇಕು, ಅನುಭವ ಬೇಕು. ದೂರದ ಜಾಗಗಳೂ ಬೇಡವೆಂದಲ್ಲ. ಆದರೆ 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಆರಾಧನೆಯ ಸ್ಥಳ, ಒಪ್ಪಿಗೆ ಪಡೆಯದೆ ಅದನ್ನು ಹಿನ್ನೆಲೆಯ ಪರದೆ ಮಾಡಿಕೊಳ್ಳುವಂತಿಲ್ಲ. ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲು ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಇನ್ನು ನೀರಂತೂ ಯಾರನ್ನೂ ನೋಡುವುದಿಲ್ಲ. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದ, ಮದುವೆ ನಿಶ್ಚಯವಾಗಿದ್ದ ಜೋಡಿ ತೆಪ್ಪ ಮಗುಚಿ ಪ್ರಾಣ ಕಳೆದುಕೊಂಡಿತು. ನೇತ್ರಾವತಿಯ ಬಂಡೆಗಳ ಮೇಲೆ ಸೀರೆಯುಟ್ಟ ಹುಡುಗಿಯನ್ನು ನಿಲ್ಲಿಸುವ ಮೊದಲು ಇದು ನೆನಪಾಗಬೇಕು. ಅವಳು ಬೇಡವೆನ್ನಲು ಹಿಂಜರಿದರೆ ಬೇಡವೆಂದು ಹೇಳಬೇಕಾದವರು ಕ್ಯಾಮೆರಾ ಹಿಡಿದವರೇ.

ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವಲಯಗಳಿವೆ. ಹೊಸಬರಿಗೆಂದು ಮುಂದೆ ಕಾರ್ಯಾಗಾರ ಮಾಡುವಾಗ, ಅವು ಒಂದನ್ನಾದರೂ ಹಂಚಿನ ಮನೆಯ ಜಗಲಿಯಲ್ಲಿ, ಏಪ್ರಿಲ್ ಕೊನೆಯ ವಾರದ ಹನ್ನೆರಡೂವರೆ ಗಂಟೆಗೇ ಇಟ್ಟುಕೊಳ್ಳಲಿ. ಮೊದಲು ಅಂಗಳದಲ್ಲಿ ಒಂದು ಫೋಟೋ, ಆಮೇಲೆ ಅದೇ ಮುಖದ್ದು ಮಾಡಿನಡಿ ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಹೊಸಬರಿಗೆ ಹೆಚ್ಚು ಹೇಳಬೇಕಾಗಿ ಬರಲಾರದು.