ನಿಪ್ಪಾಣಿಯಿಂದ ನ್ಯೂಯಾರ್ಕಿಗೆ ಸೋವಿ ಟಿಕೆಟ್: ನಂಬಿಕೆ ಏನು, ಲೆಕ್ಕ ಏನು

ಕಬ್ಬಿನ ಹಂಗಾಮು ಮುಗಿದು ಬಿಲ್ಲು ಕೈಸೇರುವ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸೂಟಿಗೆ ಎಲ್ಲರೂ ಕೂಡಿ ಹೋಗಿ ಬರೋಣ. ನಾಲ್ಕು ಮಂದಿ ಅಟ್ಲಾಂಟಿಕ್ ದಾಟಿ ಬರುವುದೆಂದರೆ ಸಣ್ಣ ಖರ್ಚಲ್ಲ, ಅದು ವರ್ಷದ ಉಳಿತಾಯ. ಆ ದುಡ್ಡು ಅವರಿವರು ಹೇಳಿದ ಮಾತಿನ ಮೇಲೆ ಹೋಗಬಾರದು. ಟಿಕೆಟ್ ಮೇಲಿನ ದರವೊಂದನ್ನೇ ನೋಡದೆ, ಊರಿನ ಮನೆ ಬಿಟ್ಟಲ್ಲಿಂದ ಮಗಳ ಮನೆ ಮುಟ್ಟುವ ತನಕ ಎಷ್ಟಾಯಿತು ಎಂದು ಕೂಡಿಸಿ ನೋಡಿದರೆ ಈ ಮಾತುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: “ನಾವು ಕರ್ನಾಟಕದವ್ರು, ಬೆಂಗಳೂರಿಂದ ಹಾರಿದ್ರನ ಸೋವಿ.”

ವಾಸ್ತವ: ನಿಪ್ಪಾಣಿ ಇರುವುದೇ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ. ಅಲ್ಲಿಂದ ಮುಂಬೈಗೆ 400 ಕಿ.ಮೀ. ಚಿಲ್ಲರೆ, ಬೆಂಗಳೂರಿಗೆ 550 ಕಿ.ಮೀ.ಗೂ ಹೆಚ್ಚು. ಕಾಗವಾಡದವರಿಗೆ ಮೀರಜ್ ಜಂಕ್ಷನ್ ಪಕ್ಕದ ಊರು. ರಾಯಬಾಗ, ಕುಡಚಿ, ಉಗಾರ ಮೀರಜ್–ಲೋಂಡಾ ರೈಲು ಹಾದಿಯಲ್ಲೇ ಇವೆ. ಮುಂಬೈನಲ್ಲಿ ಯುರೋಪಿನ ಕಂಪನಿಗಳೂ ಕೊಲ್ಲಿ ದೇಶಗಳ ಕಂಪನಿಗಳೂ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುತ್ತವೆ. ನ್ಯೂಯಾರ್ಕ್, ನ್ಯೂಜೆರ್ಸಿ, ಬೋಸ್ಟನ್ ಕಡೆ ಹೋಗುವವರು ಮೊದಲು ಮುಂಬೈ ದರ ನೋಡಬೇಕು. ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ ಲೆಕ್ಕ ಬೇರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಆ ಊರಿಗೂ ಬೆಂಗಳೂರಿಗೂ ನೇರ ವಿಮಾನ ಆರಂಭಿಸಿದಾಗ ಅದು ಹಾರಿದ್ದು ಉತ್ತರ ಧ್ರುವದ ಮೇಲಿಂದ. ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಲು ಅಟ್ಲಾಂಟಿಕ್ ದಾಟಲೇಬೇಕೆಂದಿಲ್ಲ; ಸಿಂಗಪುರ, ಟೋಕಿಯೊ ಹಾದಿಯೂ ಇದೆ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದಲೋ ಕೊಲ್ಹಾಪುರದಿಂದಲೋ ಬೇರೆ ಟಿಕೆಟ್ ಮೇಲೆ ಮುಂಬೈಗೆ ಹಾರುವವರು ಎರಡು ವಿಷಯ ನೋಡಿಕೊಳ್ಳಬೇಕು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ. ಸಾಮಾನು ಪುಕ್ಕಟೆ, ಅಮೆರಿಕಕ್ಕೆಂದು ಕಟ್ಟಿದ 23 ಕೆ.ಜಿ. ಬ್ಯಾಗಿಗೆ ಅಲ್ಲೇ ದಂಡ ಬೀಳುತ್ತದೆ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ತೂಕವೇ ಲೆಕ್ಕ. ಇನ್ನೊಂದು, 2025ರ ಡಿಸೆಂಬರ್ 25ರಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ತೆರೆದಿದೆ. ಅಲ್ಲಿ ಇಳಿದು ಮುಂಬೈ ಹಳೆಯ ನಿಲ್ದಾಣದ (ಸಹಾರ) ಟರ್ಮಿನಲ್ 2ಕ್ಕೆ ಹೋಗುವುದೆಂದರೆ ಇಡೀ ಮಹಾನಗರ ದಾಟುವ ಕೆಲಸ. ನಮ್ಮ ಭಾಗದ ಕುಟುಂಬಕ್ಕೆ ರಾತ್ರಿ ರೈಲು ಇಲ್ಲವೇ ಬಾಡಿಗೆ ಗಾಡಿಯೇ ಎಷ್ಟೋ ಸಲ ಲೇಸು ಎನ್ನುವುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: “ಮಂಗಳವಾರ ನಡುರಾತ್ರಿ ಬುಕ್ ಮಾಡಬೇಕ್ರಿ, ಅದೂ ಮೊಬೈಲಿನ್ಯಾಗ ಹಿಸ್ಟರಿ ಅಳಿಸಿ.”

ವಾಸ್ತವ: ಬುಕ್ ಮಾಡುವ ವಾರಕ್ಕೂ ಹಿಸ್ಟರಿಗೂ ದರಕ್ಕೂ ಸಂಬಂಧವಿಲ್ಲ. ದರ ಏರುವುದು ಸೀಟು ಖಾಲಿಯಾದಂತೆ. ಒಂದೇ ವಿಮಾನದ ಒಂದೇ ಬಗೆಯ ಸೀಟುಗಳನ್ನು ಕಂಪನಿ ಹಲವು ದರದ ಗುಂಪುಗಳಾಗಿ ಇಟ್ಟಿರುತ್ತದೆ; ಅಗ್ಗದ ಗುಂಪು ಮುಗಿದ ಮೇಲೆ ಮುಂದಿನದು. ಕುಟುಂಬದವರಿಗೆ ಹೊಡೆತ ಬೀಳುವುದು ಇಲ್ಲೇ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದರೆ, ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುವುದು ವಾಡಿಕೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ಎಲ್ಲರಿಗೂ ಹುಡುಕಿ ನೋಡಿ. ಅಂತರ ದೊಡ್ಡದಿದ್ದರೆ ಇಬ್ಬಿಬ್ಬರಂತೆ ಎರಡು ಬುಕಿಂಗ್ ಮಾಡಬಹುದು. ಚಿಕ್ಕ ಮಕ್ಕಳು ಮಾತ್ರ ದೊಡ್ಡವರ ಬುಕಿಂಗ್‌ನಲ್ಲೇ ಇರಲಿ, ಎರಡೂ ಬುಕಿಂಗ್ ಒಂದೇ ಕುಟುಂಬದ್ದೆಂದು ಕಂಪನಿಗೆ ತಿಳಿಸಿರಲಿ.

ತಪ್ಪು ಕಲ್ಪನೆ: “ಸೂಟಿ ಅಂದ್ರ ಟಿಕೆಟ್ ತುಟ್ಟಿನ.”

ವಾಸ್ತವ: ಯಾರ ಸೂಟಿ ಎಂದು ಕೇಳಬೇಕು. ಅಟ್ಲಾಂಟಿಕ್ ಮೇಲಿನ ದರ ನೆತ್ತಿಗೇರುವುದು ಅಮೆರಿಕ, ಯುರೋಪುಗಳ ಶಾಲೆಗಳಿಗೆ ರಜೆ ಇರುವ ಜೂನ್ ನಡುವಿನಿಂದ ಆಗಸ್ಟ್ ತನಕ, ಮತ್ತೆ ಕ್ರಿಸ್‌ಮಸ್ ಮುಂದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್‌ನಲ್ಲೇ ಆರಂಭವಾಗುತ್ತದೆ, ಕಬ್ಬಿನ ಹಂಗಾಮು ಅದಕ್ಕೂ ಮೊದಲೇ ಮುಗಿದಿರುತ್ತದೆ. ಏಪ್ರಿಲ್ ಮೊದಲ ಭಾಗದಲ್ಲಿ ಹೊರಟು ಮೇ ಮೊದಲ ವಾರದೊಳಗೆ ಮರಳುವವರಿಗೆ ಸಿಗುವ ದರ, ಮೇ ಕೊನೆಗೆ ಹೊರಡುವವರಿಗೆ ಸಿಗುವುದು ಕಷ್ಟ. ಈಸ್ಟರ್ ವಾರ ಒಂದನ್ನು ತಪ್ಪಿಸಿ. ದಸರಾ ರಜೆಯೂ ಹೀಗೆಯೇ: ಅಕ್ಟೋಬರ್ ಅಲ್ಲಿಯವರಿಗೆ ಶಾಲೆಯ ಕಾಲ, ವಿಮಾನಗಳಲ್ಲಿ ಜಾಗ ಇರುತ್ತದೆ, ಹವೆಯೂ ಹಿತ. ನಮ್ಮ ಕಡೆಯವರಿಗೆ ಇದು ಕೈಗೆ ಬಂದ ಅನುಕೂಲ. ಇದನ್ನು ಬಿಟ್ಟು ಜೂನ್‌ಗೆ ಹೊರಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ತಪ್ಪು ಕಲ್ಪನೆ: “ಲಂಡನ್ ತನಕ ಒಂದ್ ಟಿಕೆಟ್, ಅಲ್ಲಿಂದ ನ್ಯೂಯಾರ್ಕಿಗೆ ಇನ್ನೊಂದ್ ಸಸ್ತಾ ಟಿಕೆಟ್. ರೊಕ್ಕ ಉಳೀತು.”

ವಾಸ್ತವ: ಲಂಡನ್–ನ್ಯೂಯಾರ್ಕ್ ನಡುವೆ ಅಗ್ಗದ ಹಾರಾಟ ಹೊಸ ಸಂಗತಿಯಲ್ಲ. 1977ರ ಸೆಪ್ಟೆಂಬರ್ 26ರಂದು ಫ್ರೆಡ್ಡಿ ಲೇಕರ್ ಅವರ ಸ್ಕೈಟ್ರೇನ್ ಲಂಡನ್ನಿನ ಗ್ಯಾಟ್ವಿಕ್‌ನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಒಯ್ದಿತು. 1982ರ ಫೆಬ್ರುವರಿಯಲ್ಲಿ ಆ ಕಂಪನಿ ಮುಳುಗಿತು. ಐಸ್‌ಲೆಂಡಿನ ವಾವ್ 2019ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ನಾರ್ವೇಜಿಯನ್ 2021ರಲ್ಲಿ ದೂರದ ಹಾರಾಟವನ್ನೇ ಕೈಬಿಟ್ಟಿತು. 2022ರಲ್ಲಿ ನಾರ್ಸ್ ಅಟ್ಲಾಂಟಿಕ್ ಬಂತು. ಇಂಥ ಕಂಪನಿಗಳ ಕನಿಷ್ಠ ದರದಲ್ಲಿ ಸೀಟು ಬಿಟ್ಟರೆ ಹೆಚ್ಚಿನದೇನೂ ಇರದು. ಬ್ಯಾಗಿಗೆ ಬೇರೆ, ಊಟಕ್ಕೆ ಬೇರೆ, ಒಟ್ಟಿಗೆ ಕೂರಲು ಬೇರೆ ದುಡ್ಡು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋಗುವ ನಮ್ಮ ಕುಟುಂಬಗಳಿಗೆ ಬ್ಯಾಗಿನ ದುಡ್ಡೊಂದೇ ಉಳಿತಾಯವನ್ನು ನುಂಗಿಬಿಡಬಹುದು.

ದುಡ್ಡಿಗಿಂತ ದೊಡ್ಡ ಅಪಾಯ ಕಾನೂನಿನದು. ಎರಡು ಬೇರೆ ಟಿಕೆಟ್ ಎಂದರೆ ನಡುವಿನ ಊರಿನಲ್ಲಿ ಇಮಿಗ್ರೇಶನ್ ದಾಟಿ ಹೊರಬಂದು, ಬ್ಯಾಗು ತೆಗೆದುಕೊಂಡು, ಮತ್ತೆ ಒಳಗೆ ಕೊಡಬೇಕಾಗಿ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಹಾಗೆ ಹೊರಬರಲು ಷೆಂಗನ್ ವೀಸಾ ಬೇಕು. ಅಮೆರಿಕದ ವೀಸಾ ಇದ್ದವರನ್ನು ಬ್ರಿಟನ್ ಕೆಲವು ಷರತ್ತುಗಳ ಮೇಲೆ ದಾಟಲು ಬಿಡುತ್ತದೆ, ಆದರೆ ಕೊನೆಯ ಮಾತು ಗಡಿ ಅಧಿಕಾರಿಯದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆಯಿಲ್ಲ. ಆ ಹೊತ್ತಿನ ದರಕ್ಕೆ ನಾಲ್ಕು ಹೊಸ ಟಿಕೆಟ್ ಕೊಳ್ಳಬೇಕು. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದೇ. ಮಕ್ಕಳು, ಮುದುಕರು ಜೊತೆಗಿರುವಾಗ ಬಿಡಿ ಟಿಕೆಟ್ ಬೇಡ. ಹಿರಿಯರಿದ್ದರೆ ಅಬುಧಾಬಿ ಹಾದಿಯನ್ನೂ ನೋಡಿ: ಅಲ್ಲಿಂದ ಹೊರಡುವ ಎತಿಹಾದ್ ವಿಮಾನಗಳಿಗೆ ಅಮೆರಿಕದ ಇಮಿಗ್ರೇಶನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ.

ತಪ್ಪು ಕಲ್ಪನೆ: “ಮಕ್ಕಳಿಗೆ ಅರ್ಧ ಟಿಕೆಟ್.”

ವಾಸ್ತವ: ಅದು ಬಸ್ಸಿನ ಮಾತು. ವಿಮಾನದಲ್ಲಿ 2ರಿಂದ 11 ವರ್ಷದವರಿಗೆ ಸಿಗುವ ರಿಯಾಯಿತಿ ಸಣ್ಣದು, ಕೆಲವು ದರಗಳಲ್ಲಿ ಅದೂ ಇಲ್ಲ. ಎರಡು ತುಂಬದ ಕೂಸನ್ನು ತೊಡೆಯ ಮೇಲೆ ಒಯ್ದರೆ ಸುಮಾರು ಹತ್ತನೇ ಒಂದು ಪಾಲು ದರ, ಜೊತೆಗೆ ತೆರಿಗೆ. ವಯಸ್ಸನ್ನು ಎಣಿಸುವುದು ಹಾರುವ ದಿನಕ್ಕೆ, ಬುಕ್ ಮಾಡಿದ ದಿನಕ್ಕಲ್ಲ. ಅಮೆರಿಕದಲ್ಲಿದ್ದಾಗಲೇ ಕೂಸಿಗೆ ಎರಡು ತುಂಬಿದರೆ ಮರಳುವಾಗ ಬೇರೆ ಸೀಟು ಕೊಳ್ಳಬೇಕು.

ತಪ್ಪು ಕಲ್ಪನೆ: “ಬೆಳಗಾವಿಯಿಂದ ಟಿಕೆಟ್ ಐತಿ, ಆದ್ರ ನಾವು ಗಾಡಿ ಮಾಡ್ಕೊಂಡು ಸೀದಾ ಮುಂಬೈಗೆ ಹೋಗ್ತೀವಿ.”

ವಾಸ್ತವ: ಹಾಗೆ ಮಾಡಬೇಡಿ. ಟಿಕೆಟ್‌ನ ಮೊದಲ ಹಾರಾಟಕ್ಕೆ ಬಾರದವರ ಮುಂದಿನ ಹಾರಾಟಗಳೆಲ್ಲ, ಮರಳುವುದೂ ಸೇರಿ, ಸಾಮಾನ್ಯವಾಗಿ ರದ್ದಾಗುತ್ತವೆ.

ತಪ್ಪು ಕಲ್ಪನೆ: “ಮೊದಲ ಟಿಕೆಟ್ ತಗೋರಿ, ವೀಸಾ ಆಮ್ಯಾಲ.”

ವಾಸ್ತವ: ವೀಸಾ ಕೈಸೇರುವ ತನಕ ಪ್ರಯಾಣ ಗಟ್ಟಿಮಾಡಬೇಡಿ ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ನಮ್ಮವರು ಹಿಡಿದ ಹಾದಿ ಮುಂಬೈಯದೇ. ಸಂದರ್ಶನದ ತಾರೀಕಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಏಪ್ರಿಲ್‌ಗೆ ಹೊರಡುವವರು ಹಿಂದಿನ ದಸರಾ ಹೊತ್ತಿಗೇ ಅರ್ಜಿ ಹಾಕಿರಬೇಕು.

ಟಿಕೆಟ್ ಬಂದ ಕೂಡಲೇ ಪ್ರತಿಯೊಬ್ಬರ ಹೆಸರನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿರುವ ನಮ್ಮ ಉದ್ದ ಹೆಸರುಗಳಲ್ಲಿ ತಪ್ಪಾಗುವುದು ಸುಲಭ. ಅಮೆರಿಕಕ್ಕೆ ಹೋಗಿಬರುವ ವಿಮಾನದ ಟಿಕೆಟ್ಟನ್ನು ಹೊರಡುವ ದಿನಕ್ಕೆ ಏಳು ದಿನವಾದರೂ ಮೊದಲು, ಕಂಪನಿಯಿಂದಲೇ ನೇರವಾಗಿ ಕೊಂಡಿದ್ದರೆ, 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ಪಡೆಯಲು ಅಲ್ಲಿನ ನಿಯಮ ಅವಕಾಶ ಕೊಟ್ಟಿದೆ. ದರವನ್ನು ಅಷ್ಟು ಹೊತ್ತು ಹಿಡಿದಿಡುವ ಸೌಲಭ್ಯವನ್ನು ಕಂಪನಿ ಕೊಟ್ಟಿದ್ದರೆ ಮಾತ್ರ ಇದು ಕಡ್ಡಾಯವಲ್ಲ. ಹೆಸರು, ತಾರೀಕು, ಬ್ಯಾಗಿನ ತೂಕ ಮೂರನ್ನೂ ಆ 24 ಗಂಟೆಯೊಳಗೇ ನೋಡಿ ಮುಗಿಸಿ.