ಹಳೆಯ ಜೀಪು-ಪಿಕಪ್ಪಿನ ಬ್ರೇಕು: ದೋಷನಿರ್ಣಯ ಹಾಗೂ ಭಾಗಗಳ ಬದಲಾವಣೆ

ಜಮಖಂಡಿ ಹಾಗೂ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ದಶಕದ ಕೊನೆಯಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಶಾಸನ, ವೀರಗಲ್ಲುಗಳಂತೆ ಯಂತ್ರವೂ ಒಂದು ಆಕರವೆಂದು ನಾವು ಭಾವಿಸುತ್ತೇವೆ. ಆದರೆ ಈ ಆಕರವು ರಸ್ತೆಯ ಮೇಲೆ ಓಡತಕ್ಕದ್ದು. ಬೀಳಗಿಯಿಂದ ರಬಕವಿ-ಬನಹಟ್ಟಿಯವರೆಗೆ, ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರ್ಯಾಕ್ಟರುಗಳ ನಡುವೆ ಹೋಗುವಾಗ, ಅದು ನಿಲ್ಲಬೇಕಾದಲ್ಲಿ ನಿಲ್ಲಲೇಬೇಕು.

ತತ್ತ್ವವು ಸರಳವಾದುದು. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ದ್ರವವು ಕೊಳವೆಗಳ ಮೂಲಕ ಗಾಲಿಯ ಚಿಕ್ಕ ಸಿಲಿಂಡರಿಗೆ ಒತ್ತಡವನ್ನು ಒಯ್ದು, ಎರಡು ಶೂಗಳನ್ನು ತಿರುಗುವ ಡ್ರಮ್ಮಿನ ಒಳಮೈಗೆ ಅದುಮುತ್ತದೆ. ಡ್ರಮ್ಮು ಬ್ರೇಕನ್ನು ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದನು. ದ್ರವದ ಒತ್ತಡದಿಂದ ನಾಲ್ಕೂ ಗಾಲಿಗಳನ್ನು ತಡೆಯುವ ಕ್ರಮವು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಬಂದಿತು. ಇಳಿಜಾರಿನಲ್ಲಿ ಚಕ್ಕಡಿಯ ಗಾಲಿಗೆ ಮರದ ತುಂಡನ್ನು ಒತ್ತುತ್ತಿದ್ದ ರೈತನಿಗೆ ಇದರ ಅರ್ಧವು ಮೊದಲೇ ತಿಳಿದಿದ್ದಿತು.

ದೋಷವನ್ನು ಹುಡುಕುವವನು ಮೊದಲು ಪಾನೆಯನ್ನಲ್ಲ, ಪೆಡಲನ್ನು ನಂಬಬೇಕು. ಪೆಡಲು ತೀರ ಕೆಳಗಿಳಿದು, ಎರಡು-ಮೂರು ಸಲ ತುಳಿದಾಗ ಮೇಲೆದ್ದು ಗಟ್ಟಿಯಾದರೆ ಶೂ-ಡ್ರಮ್ಮುಗಳ ನಡುವಣ ಅಂತರವು ಹೆಚ್ಚಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿಯಿದೆ. ಕಾಲನ್ನು ಒಂದೇ ಸಮನೆ ಒತ್ತಿಟ್ಟಾಗ ಅದು ಮೆಲ್ಲಗೆ ಕುಸಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯುಂಟು. ಹೊರಗೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಬಟ್ಟಲು ಸವೆದಿರುತ್ತದೆ. ವಾಹನವು ಎಡಕ್ಕೆ ಎಳೆದರೆ ಬಲಗಡೆಯ ಗಾಲಿಯನ್ನು ಶಂಕಿಸತಕ್ಕದ್ದು, ಏಕೆಂದರೆ ಎಳೆಯುವುದು ಕೆಲಸಮಾಡುವ ಬ್ರೇಕು. ಕಾಲು ತೆಗೆದರೂ ಒಂದೇ ಗಾಲಿ ಬಿಗಿದೇ ಇದ್ದರೆ ಹಳೆಯ ರಬ್ಬರು ಕೊಳವೆಯು ಒಳಗೆ ಊದಿಕೊಂಡು ದ್ರವವನ್ನು ಹಿಂದಿರುಗಗೊಡದಿರಬಹುದು. ಹೊರಗಿನಿಂದ ಅದು ಹೊಸದರಂತೆಯೇ ತೋರುತ್ತದೆ. ಅನುಭವಿಗಳೂ ಇಲ್ಲಿ ಮೋಸಹೋಗುತ್ತಾರೆ.

ಬದಲಾವಣೆಯಲ್ಲಿ ಒಂದು ಅಚ್ಚಿನ ಎರಡೂ ಗಾಲಿಗಳ ಪಟ್ಟಿಗಳನ್ನು ಒಟ್ಟಿಗೆ ಹೊಸದು ಮಾಡಬೇಕು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಮುಂಗಾಲಿಯ ಸಿಲಿಂಡರಿನ ವ್ಯಾಸವು 1 ಅಂಗುಲ, ಹಿಂಗಾಲಿಯದು ಮುಕ್ಕಾಲು ಅಂಗುಲ. ನಿಲ್ಲುವಾಗ ಭಾರವು ಮುಂದಕ್ಕೆ ವಾಲುವುದೇ ಇದಕ್ಕೆ ಕಾರಣ. ಇವನ್ನು ಅದಲುಬದಲು ಮಾಡಿದರೆ ಹಿಂಗಾಲಿಗಳು ಮೊದಲು ಬಿಗಿದು ವಾಹನವು ಅಡ್ಡ ತಿರುಗುವ ಭಯವಿದೆ. ಬ್ರೇಕಿನ ದ್ರವಕ್ಕೆ ಬದಲಾಗಿ ಎಂಜಿನ್ ಎಣ್ಣೆಯನ್ನು ಎಂದಿಗೂ ಸುರಿಯಬಾರದು. ರಬ್ಬರು ಊದಿ ಕೆಡುತ್ತದೆ. ಗಾಳಿಯನ್ನು ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭಿಸುವುದು ರೂಢಿ.

ಇನ್ನು ವಿವಾದದ ವಿಷಯ. ಮೂಲ ಜೀಪಿನಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ದ್ರವಮಾರ್ಗ. ಒಂದು ಕೊಳವೆ ಒಡೆದರೆ ಕಾಲಿನ ಬ್ರೇಕೇ ಇಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಮಾರ್ಗವಿರುವ ಮಾಸ್ಟರ್ ಸಿಲಿಂಡರನ್ನು ಕೂಡಿಸಿದರೆ ಮೂಲರೂಪ ಕೆಡುತ್ತದೆಂದು ಸಂಗ್ರಾಹಕರು ಆಕ್ಷೇಪಿಸಬಹುದು. ವಸ್ತುಸಂಗ್ರಹಾಲಯದಲ್ಲಿ ನಿಂತ ಗಾಡಿಗೆ ಆ ಮಾತು ಸಲ್ಲುತ್ತದೆ. ಸಂತೆಗೆ ಹೋಗುವ ಗಾಡಿಗೆ ಸಲ್ಲದೆಂಬುದು ನಮ್ಮ ಮತ. ತೆಗೆದ ಸಿಲಿಂಡರಿಗೆ ದಿನಾಂಕ, ಕಾರಣಗಳ ಚೀಟಿಯನ್ನು ಕಟ್ಟಿ ಇರಿಸಿಕೊಂಡರೆ ಆಕರವೂ ಉಳಿಯುತ್ತದೆ. ಹಳೆಯ ಪಟ್ಟಿಗಳಿಗೆ ಮಾತ್ರ ಈ ಮರ್ಯಾದೆ ಬೇಡ. ಅವುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮನ್ನು ಬಾಯಿಯಿಂದಾಗಲಿ ಗಾಳಿಯಂತ್ರದಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯನ್ನೂ ಪಟ್ಟಿಯನ್ನೂ ಚೀಲದಲ್ಲಿ ಬಿಗಿದು ಕಟ್ಟತಕ್ಕದ್ದು.