ಕಾರಿನ ಬ್ರೇಕ್ ಹೋಸ್ ಬದಲಿಸುವಾಗ

ವಡ್ಡು, ತೋರಣಗಲ್ಲು ಕಡೆ ಓಡಾಡುವ ಕಾರಿನ ಅಡಿಭಾಗವೆಲ್ಲ ಅದಿರಿನ ದೂಳಿನಿಂದ ಕೆಂಪಾಗಿರುತ್ತದೆ. ಹಾಗಾಗಿ ಚಕ್ರದ ಹಿಂದಿರುವ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೂ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಬಾಗಿಸಿ ನೋಡಬೇಕು. ಬಿರುಕು, ಉಬ್ಬು, ಜಿಡ್ಡು ಕಂಡರೆ ಬದಲಿಸಲೇಬೇಕು. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುವುದೂ ಉಂಟು. ಆಗ ಪೆಡಲ್ ಬಿಟ್ಟರೂ ಆ ಚಕ್ರದ ಬ್ರೇಕ್ ಬಿಡುವುದಿಲ್ಲ, ಚಕ್ರ ಕಾಯುತ್ತದೆ, ಕಾರು ಒಂದು ಕಡೆಗೆ ಎಳೆಯುತ್ತದೆ. ಅಕೌಂಟೆನ್ಸಿಯಲ್ಲಿ ನಾವು ಇಡೀ ವಾಹನಕ್ಕೆ ಒಂದೇ ಸವಕಳಿ ಬರೆಯುತ್ತೇವೆ. ರಬ್ಬರ್ ಆ ಲೆಕ್ಕ ಕೇಳುವುದಿಲ್ಲ, ಕಾರು ಓಡದೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ.

ಈ ಕೆಲಸ ತಿಳಿದವರೇ ಮಾಡಬೇಕು, ನಾವು ಪಕ್ಕದಲ್ಲಿ ನಿಂತು ನೋಡಿ ಕಲಿಯಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಬಿಚ್ಚುವ ಮೊದಲು ಜೋಡಣೆಯ ಸುತ್ತಲಿನ ದೂಳನ್ನು ಪೂರ್ತಿ ಒರೆಸಬೇಕು, ಒಂದು ಚಿಟಿಕೆ ಒಳಗೆ ಹೋದರೂ ಕೇಡು. ಕಬ್ಬಿಣದ ಪೈಪಿನ ನಟ್ ತಿರುಗಿಸುವಾಗ ಹೋಸಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯಬೇಕು, ಇಲ್ಲವಾದರೆ ಪೈಪ್ ತಿರುಚಿ ಮುರಿಯುತ್ತದೆ. ತಾಮ್ರದ ವಾಷರ್ ಇದ್ದರೆ ಹೊಸದನ್ನೇ ಹಾಕಬೇಕು. ಹೊಸ ಹೋಸ್ ತಿರುಚಿಕೊಂಡಿರಬಾರದು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಟೈರಿಗೆ ತಾಗಲೂಬಾರದು, ಬಿಗಿಯಾಗಿ ಎಳೆದುಕೊಳ್ಳಲೂಬಾರದು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದೇ ದೊಡ್ಡ ಅಪಾಯ. ಬಿಚ್ಚಿದಾಗ ಒಳಗೆ ಗಾಳಿ ಹೋಗಿರುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆದ್ದರಿಂದಲೇ ಪೆಡಲಿನ ಒತ್ತಡ ಚಕ್ರ ಮುಟ್ಟುತ್ತದೆ. ಗಾಳಿ ಕುಗ್ಗುತ್ತದೆ. ಪೆಡಲ್ ಸ್ಪಂಜಿನಂತೆ ಕೆಳಗಿಳಿಯುತ್ತದೆ, ಕಾರು ಮಾತ್ರ ಮುಂದಿನ ಅದಿರು ಲಾರಿಯ ಕಡೆಗೇ ಓಡುತ್ತದೆ. ಅದಕ್ಕೇ ಏರ್ ತೆಗೆಯಬೇಕು, ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸುತ್ತಾರೆ. ನಿಪ್ಪಲ್ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವ ತನಕ ಹೀಗೇ ಮಾಡಬೇಕು, ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಎಬಿಎಸ್ ಇರುವ ಕಾರಿನ ಘಟಕದೊಳಗೆ ಗಾಳಿ ಹೋದರೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗಬಹುದು.

ಎಲ್ಲರೂ ಬ್ರೇಕ್ ಆಯಿಲ್ ಎನ್ನುತ್ತಾರೆ, ಅದು ಎಂಜಿನ್ ಆಯಿಲ್ ಅಲ್ಲ. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ತರಬೇಕು. ಇದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ದ್ರವ ಬೇಗ ಕುದಿಯುತ್ತದೆ. ಆದ್ದರಿಂದ ತೆರೆದು ವರ್ಷಗಟ್ಟಲೆ ಇಟ್ಟ ಬಾಟಲಿಯದೂ ಬೇಡ, ಹೊರಬಂದದ್ದನ್ನು ಮತ್ತೆ ಸುರಿಯುವುದೂ ಬೇಡ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಬೇಕು.

ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಜೋಡಣೆಯಲ್ಲಿ ಸೋರಿಕೆ ಇದೆಯೇ ಎಂದು ಇನ್ನೊಬ್ಬರು ನೋಡಬೇಕು. ಚಕ್ರ ನೆಲಕ್ಕಿಳಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿಮಾಡಿ, ಖಾಲಿ ಮೈದಾನದಲ್ಲಿ ನಡೆಯುವ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ನೋಡಿದ ನಂತರವೇ ಹೆದ್ದಾರಿಗೆ ಇಳಿಸಬೇಕು.